ಆಕಾಶದ ದಾರಿ ಕಾಯುವ ವಿದ್ಯೆ

ಸಾಂಗೆಯ ಪೇಟೆಯಲ್ಲಿ ನಮ್ಮದೊಂದು ಕಿರಾಣಿ ಅಂಗಡಿ. ಅಕ್ಕಿ ಬೇಳೆ ಕಟ್ಟಿಸಿಕೊಳ್ಳುತ್ತ ಗಿರಾಕಿಗಳು ಕೇಳುವುದುಂಟು: “ಪಾತ್ರಾಂವ, ನಿಮ್ಮ ತಮ್ಮನ ಮಗಳು ವಿಮಾನದ ಕೆಲಸಕ್ಕೆ ಸೇರಿದ್ದಾಳಂತೆ. ಏರ್ ಹೋಸ್ಟೆಸ್ಸೇ?” ಬೆಳಗಾವಿಯ ಬೀಗರು ಕೇಳುವುದು ಇನ್ನೊಂದು ಬಗೆ: “ಹುಡುಗಿ ಪೈಲಟ್ ಆದಳೇನ್ರಿ?” ಎರಡೂ ಅಲ್ಲವೆಂದರೆ ಅವರ ಮುಖ ಸ್ವಲ್ಪ ಸಪ್ಪಗಾಗುತ್ತದೆ. ವಿಮಾನದ ಒಳಗೆ ಕೂಡದೆ ಮಾಡುವ ವಿಮಾನದ ಕೆಲಸ ಎಂಥದ್ದು ಎಂಬುದು ಕೆಲವು ವರ್ಷಗಳ ಹಿಂದೆ ನನಗೂ ಗೊತ್ತಿರಲಿಲ್ಲ. ನಮ್ಮ ಸಮಾಜದ ಮಕ್ಕಳು ಡಾಕ್ಟರ್, ಇಂಜಿನಿಯರ್, ಸಿ.ಎ. ಎಂದು ಮೂರೇ ಸಾಲುಗಳಲ್ಲಿ ನಿಲ್ಲುವುದನ್ನು ನೋಡಿ, ಈ ನಾಲ್ಕನೆಯ ವಿದ್ಯೆಯಲ್ಲಿ ಏನಿದೆ, ಅದನ್ನು ಕಲಿಯಲು ಪರದೇಶಕ್ಕೆ ಹೋದವರ ದಿನಗಳು ಹೇಗಿರುತ್ತವೆ ಎಂದು ಬರೆಯುವ ಮನಸ್ಸಾಯಿತು.

ಬರೆಯಲು ಹುಡುಗಿ ಒಪ್ಪಿದ್ದಾಳೆ, ಆದರೆ ಕರಾರು ಹಾಕಿದ್ದಾಳೆ. ತನ್ನ ಹೆಸರು, ಶಾಲೆಯ ಹೆಸರು, ದೇಶದ ಹೆಸರು ಯಾವುದೂ ಬರಬಾರದು. ಆ ಕಸುಬಿನವರು ಕಡಿಮೆ ಮಂದಿ, ಒಬ್ಬರಿಗೊಬ್ಬರು ಗುರುತು. ಆದ್ದರಿಂದ ಯುರೋಪಿನ ಉತ್ತರ ಭಾಗದ ಒಂದು ದೇಶ ಎಂದಷ್ಟೇ ಓದುಗರು ತಿಳಿದುಕೊಳ್ಳಬೇಕು.

ಕೆಲಸ ಯಾವುದು?

ಆಕಾಶ ನಮ್ಮ ಕಣ್ಣಿಗೆ ಬಯಲು. ಆದರೆ ವಿಮಾನಗಳಿಗೆ ಅಲ್ಲಿ ಗೊತ್ತಾದ ದಾರಿಗಳಿವೆ, ಮಾಳಿಗೆಯ ಮೇಲೆ ಮಾಳಿಗೆ ಇದ್ದಂತೆ ಎತ್ತರಗಳಿವೆ. ಒಂದರ ಮೇಲೊಂದು ಹಾರುವ ಎರಡು ವಿಮಾನಗಳ ನಡುವೆ ಸಾಮಾನ್ಯವಾಗಿ 1000 ಅಡಿ ಅಂತರ ಬೇಕು. ಒಂದೇ ಎತ್ತರದಲ್ಲಿದ್ದರೆ, ರಾಡಾರ್ ಇರುವ ದೂರದ ಮಾರ್ಗಗಳಲ್ಲಿ 5 ನಾಟಿಕಲ್ ಮೈಲು, ಅಂದರೆ 9 ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ಅಂತರ ಬೇಕು. ಈ ಅಂತರ ಕಾಯುವವರೇ ಏರ್ ಟ್ರಾಫಿಕ್ ಕಂಟ್ರೋಲರುಗಳು. ನಿಲ್ದಾಣದ ಎತ್ತರದ ಗಾಜಿನ ಕೋಣೆಯಲ್ಲಿ ಕುಳಿತು ಇಳಿಸುವ, ಏರಿಸುವ ಕೆಲಸ ನೋಡುವವರು ಟವರಿನವರು. ನಿಲ್ದಾಣದ ಸುತ್ತಮುತ್ತ ಬರುವ ಹೋಗುವ ವಿಮಾನಗಳನ್ನು ಸಾಲಾಗಿ ಜೋಡಿಸುವವರು ಅಪ್ರೋಚಿನವರು. ಊರೂರು ದಾಟಿ ಮೇಲಿನ ಆಕಾಶದಲ್ಲಿ ಹೋಗುವವುಗಳನ್ನು ರಾಡಾರ್ ಪರದೆಯಲ್ಲಿ ನೋಡುತ್ತ ದಾರಿ ಹೇಳುವವರು ಏರಿಯಾದವರು. ಇವರಿಗೆ ಕಿಟಕಿಯೂ ಬೇಕಿಲ್ಲ. ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್ ನಗರದ ಬಳಿ 1972ರಿಂದ ನಡೆಯುತ್ತಿರುವ ಒಂದು ಕೇಂದ್ರವಿದೆ. ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್ ಮತ್ತು ಜರ್ಮನಿಯ ವಾಯವ್ಯ ಭಾಗ, ಇಷ್ಟರ ಮೇಲೆ 24,500 ಅಡಿಗಿಂತ ಎತ್ತರದಲ್ಲಿ ಹಾರುವುದನ್ನೆಲ್ಲ ಆ ಒಂದೇ ಕಟ್ಟಡದಿಂದ ನೋಡಿಕೊಳ್ಳುತ್ತಾರೆ. ನಾಲ್ಕು ದೇಶಗಳಿಗೆ ಒಂದೇ ಗಲ್ಲಾ ಇದ್ದಂತೆ.

ನಮ್ಮ ಹುಡುಗಿ ಹೊರಟದ್ದು ಈ ಮೂರನೆಯ, ರಾಡಾರಿನ ಕೆಲಸಕ್ಕೆ.

ಗೋವೆಯಲ್ಲೇ ಇದ್ದು ಇದನ್ನು ಕಲಿಯಬಾರದಿತ್ತೇ ಎಂದು ಯಾರಾದರೂ ಕೇಳಬಹುದು. ದಾಬೋಲಿಂ ನಿಲ್ದಾಣದ ಟವರ್ ನೌಕಾದಳದ ಕೈಯಲ್ಲಿದೆ. 2023ರ ಜನವರಿಯಲ್ಲಿ ವಿಮಾನಗಳು ಬರತೊಡಗಿದ ಮೋಪಾದಲ್ಲಿ ಏರ್‌ಪೋರ್ಟ್ಸ್ ಅಥಾರಿಟಿಯ ಕಂಟ್ರೋಲರುಗಳಿದ್ದಾರೆ. ಅಥಾರಿಟಿಗೆ ಸೇರುವ ದಾರಿಯನ್ನು ಮುಂದೆ ಹೇಳುತ್ತೇನೆ. ನಮ್ಮ ಮನೆಯವರು ಆ ದಾರಿ ಬಿಟ್ಟು ಇನ್ನೊಂದು ಹಿಡಿದದ್ದಕ್ಕೆ ಒಂದು ಹಳೆಯ ಕಾಗದ ಕಾರಣ.

ಅಜ್ಜನ ಹುಟ್ಟಿನ ದಾಖಲೆ

ನಮ್ಮ ಹಿರಿಯರು ಬೆಳಗಾವಿ ಕಡೆಯಿಂದ ಘಟ್ಟ ಇಳಿದು ಬಂದವರು. ಆಗ ಕ್ಯಾಸಲ್‌ರಾಕಿನಲ್ಲಿ ಬ್ರಿಟಿಷರ ತಪಾಸಣೆ, ಕುಳೆಯಲ್ಲಿ ಪೋರ್ಚುಗೀಸರ ತಪಾಸಣೆ. ಮೆಣಸಿನಕಾಯಿಯ ಚೀಲ ಎರಡು ಸಲ ಬಿಚ್ಚಿ ಎರಡು ಸಲ ಕಟ್ಟಬೇಕಿತ್ತು. ನನ್ನ ಅಪ್ಪ ಹುಟ್ಟಿದ್ದು 1938ರಲ್ಲಿ, ಸಾಂಗೆಯಲ್ಲೇ. ಪೋರ್ಚುಗೀಸರ ಕಾಯಿದೆಯಂತೆ ಅವರ ಹುಟ್ಟು ಇಲ್ಲಿನ ದಫ್ತರಿನಲ್ಲಿ ದಾಖಲಾಗಿತ್ತು. 1955ರಲ್ಲಿ ಭಾರತ ಸರಕಾರ ಗೋವೆಗೆ ದಿಗ್ಬಂಧನ ಹಾಕಿ ರೈಲು ನಿಂತಾಗ ಅಂಗಡಿ ಮುಚ್ಚುವ ಹಂತಕ್ಕೆ ಬಂದದ್ದನ್ನೂ, 1961ರ ಡಿಸೆಂಬರ್ 18ರಂದು ನಮ್ಮ ವಾಯುದಳ ದಾಬೋಲಿಂ ಮೇಲೆ ಬಾಂಬು ಹಾಕಿದ್ದನ್ನೂ ಅಪ್ಪ ನೂರು ಸಲ ಹೇಳಿರಬೇಕು. ಆ ರಾತ್ರಿ ಎರಡು ಪೋರ್ಚುಗೀಸ್ ನಾಗರಿಕ ವಿಮಾನಗಳು ಹಾಳಾದ ರನ್‌ವೇಯಿಂದ ಕತ್ತಲಲ್ಲೇ ಎದ್ದು ಕರಾಚಿಗೆ ಪಾರಾದವು. “ಆ ಕತ್ತಲಾಗ ಅವಕ್ಕ ದಾರಿ ಹೇಳಿದವರು ಯಾರಿರಬೇಕು?” ಎಂದು ಮೊಮ್ಮಗಳು ಕೇಳುತ್ತಿದ್ದಳಂತೆ. ಬೀಜ ಬಿದ್ದದ್ದು ಅಲ್ಲೇ ಎಂದು ಈಗ ಅನಿಸುತ್ತದೆ.

1961ರ ಡಿಸೆಂಬರ್ 19ಕ್ಕೆ ಮೊದಲು ಗೋವೆಯಲ್ಲಿ ಹುಟ್ಟಿದವರನ್ನು ಪೋರ್ಚುಗಲ್ ತನ್ನ ಪ್ರಜೆಗಳೆಂದೇ ಲೆಕ್ಕ ಹಿಡಿಯುತ್ತದೆ. ಲಿಸ್ಬನ್ನಿನಲ್ಲಿ ಅವರ ಹುಟ್ಟನ್ನು ನೋಂದಾಯಿಸಿ, ಆಮೇಲೆ ಮಗನದು, ಆಮೇಲೆ ಮೊಮ್ಮಗಳದು ಎಂದು ಮೆಟ್ಟಿಲು ಮೆಟ್ಟಿಲಾಗಿ ಪೌರತ್ವ ಪಡೆಯಬಹುದು. ಗೋವೆಯ ಸಾವಿರಾರು ಮನೆಗಳಲ್ಲಿ ಇದು ನಡೆದಿದೆ. ಪೋರ್ಚುಗೀಸ್ ಪಾಸ್‌ಪೋರ್ಟ್ ಎಂದರೆ ಇಡೀ ಯುರೋಪ್ ಒಕ್ಕೂಟದಲ್ಲಿ ಕೆಲಸ ಮಾಡುವ ಹಕ್ಕು. ನಮ್ಮ ಮನೆಯಲ್ಲಿ ಈ ಮಾತು ಮೊದಲು ಬಂದದ್ದು ಗಣಿಗಳು ನಿಂತ ಮೇಲೆ. ಸಾಂಗೆ ತಾಲೂಕಿನ ವ್ಯಾಪಾರ ನಡೆಯುತ್ತಿದ್ದುದು ಅದಿರಿನ ಲಾರಿಗಳಿಂದ. 2012ರಲ್ಲಿ ಗಣಿಗಾರಿಕೆ ನಿಂತಿತು, ಮಧ್ಯೆ ಸ್ವಲ್ಪ ಚೇತರಿಸಿ 2018ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಮತ್ತೆ ನಿಂತಿತು. ಲಾರಿ ಮಾಲೀಕರ ಉದ್ರಿ ನಮ್ಮ ಪುಸ್ತಕದಲ್ಲೇ ಉಳಿಯಿತು. ಮಕ್ಕಳಿಗೆ ಅಂಗಡಿಯನ್ನೇ ನಂಬಿಸುವ ಧೈರ್ಯ ನನಗಾಗಲಿ ತಮ್ಮನಿಗಾಗಲಿ ಉಳಿಯಲಿಲ್ಲ.

ಅಪ್ಪ ಸಹಿ ಹಾಕಲು ನಾಲ್ಕು ತಿಂಗಳು ತಗೊಂಡರು. “ಇಪ್ಪತ್ತಮೂರು ವರ್ಷದವ ಇದ್ದಾಗ ಭಾರತದ ಪ್ರಜೆ ಆದೆ. ಈಗ ಎಂಬತ್ತರ ಹೊಸ್ತಿಲಾಗ ಮತ್ತ ಪೋರ್ಚುಗೀಸ ಆಗಲೇನು?” ಎಂದು ಕೇಳಿದರು. ನಮ್ಮ ಹತ್ತಿರ ಉತ್ತರವಿರಲಿಲ್ಲ. ಲಿಸ್ಬನ್ನಿನಲ್ಲಿ ಹೆಸರು ನೋಂದಾಯಿಸಿದ ಮಾತ್ರಕ್ಕೆ ಭಾರತದ ಪೌರತ್ವ ಹೋಗುತ್ತದೆಯೋ ಇಲ್ಲವೋ ಎಂಬ ಬಗ್ಗೆ ಗೋವೆಯಲ್ಲಿ ಕೋರ್ಟು ವ್ಯಾಜ್ಯಗಳಾಗಿವೆ. ಈ ದಾರಿಗೆ ಹೋಗುವವರು ಏಜೆಂಟರ ಮಾತಿಗಿಂತ ಮೊದಲು ಒಳ್ಳೆಯ ವಕೀಲರ ಮಾತು ಕೇಳಬೇಕು. ಕೊನೆಗೆ 2017ರಲ್ಲಿ ಅಪ್ಪ ಸಹಿ ಹಾಕಿದರು, 2020ರಲ್ಲಿ ತೀರಿಕೊಂಡರು. ಹುಡುಗಿಯ ಕೈಗೆ ಹೊಸ ಪಾಸ್‌ಪೋರ್ಟ್ ಬಂದದ್ದು 2021ರ ಕೊನೆಗೆ.

ಒಂದು ಮಾತನ್ನು ಇಲ್ಲಿ ಒತ್ತಿ ಹೇಳಬೇಕು. ನಮ್ಮ ದೇಶದಲ್ಲಿ ಎರಡು ಪೌರತ್ವಕ್ಕೆ ಅವಕಾಶವಿಲ್ಲ. ಭಾರತದ ಪಾಸ್‌ಪೋರ್ಟ್ ಒಪ್ಪಿಸಬೇಕು. ಆಮೇಲೆ ಸಾಗರೋತ್ತರ ಭಾರತೀಯರ ಕಾರ್ಡು ಪಡೆದು ಇಲ್ಲಿಗೆ ಬಂದು ಹೋಗಬಹುದು, ಇರಬಹುದು. ಮತದಾನವಿಲ್ಲ, ಹೊಲ ಕೊಳ್ಳುವ ಹಾಗಿಲ್ಲ, ಸರಕಾರಿ ನೌಕರಿಯಿಲ್ಲ. ಅಂದರೆ ಅಲ್ಲಿ ನಪಾಸಾದರೆ ಇಲ್ಲಿಗೆ ಬಂದು ಮೋಪಾದ ಟವರಿಗೆ ಅರ್ಜಿ ಹಾಕುವಂತಿಲ್ಲ. ಇದನ್ನು ಅರಿತೇ ಅವಳು ಹೊರಟಳು. ನಾನು ಅರಿತಿರಲಿಲ್ಲ.

ಚಿತ್ರ ಕೈತಪ್ಪಬಾರದು

ಮಡಗಾಂವಿನಲ್ಲಿ ಫಿಸಿಕ್ಸ್ ತಗೊಂಡು ಬಿ.ಎಸ್ಸಿ. ಮುಗಿಸಿದ್ದಳು. ಯುರೋಕಂಟ್ರೋಲ್ ಸಂಸ್ಥೆ ರೂಪಿಸಿದ ಫೀಸ್ಟ್ ಎಂಬ ಪರೀಕ್ಷೆಯನ್ನು ಅಲ್ಲಿನ ಬಹಳ ದೇಶಗಳು ಬಳಸುತ್ತವೆ. ಓದಿಕೊಂಡು ಹೋಗಿ ಬರೆಯುವ ಪರೀಕ್ಷೆ ಅದಲ್ಲ. ನೆನಪು, ಗಮನ, ಬಾಯಿಲೆಕ್ಕ, ಎರಡು ಕೆಲಸ ಒಟ್ಟಿಗೆ ಮಾಡುವ ಶಕ್ತಿ, ಇಂಗ್ಲಿಷ್ ಕೇಳಿ ತಿಳಿಯುವುದು, ಇವನ್ನು ಕಂಪ್ಯೂಟರ್ ಮುಂದೆ ಕೂರಿಸಿ ಅಳೆಯುತ್ತಾರೆ. ಆಮೇಲೆ ಸಂದರ್ಶನ, ಕಣ್ಣು, ಕಿವಿ, ಹೃದಯದ ತಪಾಸಣೆ. ಕೆಲವು ಕಡೆ ವಯಸ್ಸು 25 ಮೀರಿರಬಾರದು.

ಬಾಯಿಲೆಕ್ಕದಲ್ಲಿ ಅವಳಿಗೆ ತೊಡಕಾಗಲಿಲ್ಲ. ಕಾಲು, ಅರ್ಧ, ಮುಕ್ಕಾಲಿನ ಮಗ್ಗಿಗಳನ್ನು ಅಜ್ಜ ಗಲ್ಲಾದ ಪಕ್ಕ ಕೂರಿಸಿಕೊಂಡು ಹೇಳಿಕೊಟ್ಟಿದ್ದರು. ಗಂಟೆಗೆ 480 ನಾಟಿಕಲ್ ಮೈಲು ಓಡುವ ವಿಮಾನ ನಿಮಿಷಕ್ಕೆ 8 ಮೈಲು ಹೋಗುತ್ತದೆ. ಅಂಥ ಎರಡು ಎದುರುಬದುರು ಬರುತ್ತಿದ್ದರೆ ನಡುವಿನ 40 ಮೈಲು ಕರಗಲು ಎರಡೂವರೆ ನಿಮಿಷ ಸಾಕು. ಇದನ್ನು ಪೆನ್ನು ಹಿಡಿಯದೆ, ಮಾತಾಡುತ್ತಲೇ ಲೆಕ್ಕ ಹಾಕಬೇಕು.

ಅದಕ್ಕಿಂತ ದೊಡ್ಡದು ನೆನಪು. ಗೋವೆಯಲ್ಲಿ ಚವತಿಗೆ ಗಣಪತಿಯ ಮೇಲೆ ಮಾಟೊಳಿ ಕಟ್ಟುತ್ತಾರೆ. ಕಾಡಿನ ಕಾಯಿ, ಹಣ್ಣು, ಎಲೆಗಳೆಲ್ಲ ಪೇಟೆಗೆ ಬರುತ್ತವೆ. ಆ ಎರಡು ದಿನ ಸಾಂಗೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹನ್ನೊಂದು ವರ್ಷದವಳಿದ್ದಾಗಲೇ ಅವಳು ಕೌಂಟರಿಗೆ ನಿಂತು ಎಂಟು ಮಂದಿಯ ಮಾತು ಒಟ್ಟಿಗೆ ಕೇಳಿಸಿಕೊಳ್ಳುತ್ತಿದ್ದಳು. ಯಾರಿಗೆ ಬೆಲ್ಲ, ಯಾರಿಗೆ ಕರ್ಪೂರ, ಯಾರದು ಚಿಲ್ಲರೆ ಬಾಕಿ, ಒಂದೂ ತಪ್ಪುತ್ತಿರಲಿಲ್ಲ. “ಒಬ್ಬ ಗಿರಾಕೀನೂ ತಿರುಗಿ ಹೋಗಬಾರದು” ಎಂಬುದು ಅಪ್ಪನ ಕಟ್ಟಪ್ಪಣೆ. ರಾಡಾರಿನವರು ಇಂಥ ನೆನಪಿಗೆ ‘ಚಿತ್ರ’ ಎನ್ನುತ್ತಾರಂತೆ. ಯಾವ ವಿಮಾನ ಎಲ್ಲಿದೆ, ಎರಡು ನಿಮಿಷಕ್ಕೆ ಎಲ್ಲಿರುತ್ತದೆ, ಯಾರಿಗೆ ಏನು ಹೇಳಿದೆ, ಯಾರು ಮರಳಿ ಹೇಳಲಿಲ್ಲ, ಇಷ್ಟೂ ತಲೆಯಲ್ಲಿ ನಿಂತಿರಬೇಕು. ಚಿತ್ರ ಒಮ್ಮೆ ಕೈತಪ್ಪಿದರೆ ಮತ್ತೆ ಕೂಡಿಸುವುದು ಬಹಳ ಕಷ್ಟ.

ಶಾಲೆ ಶುರುವಾದದ್ದು 2023ರ ಜನವರಿಯಲ್ಲಿ. ಹನ್ನೆರಡು ಮಂದಿಯ ತಂಡ. ಮೊದಲ ತಿಂಗಳುಗಳಲ್ಲಿ ಹವಾಮಾನ, ವಿಮಾನಗಳ ಜಾತಿ, ಕಾಯಿದೆ, ನಕಾಶೆ. ತಾನು ಕೆಲಸ ಮಾಡಬೇಕಾದ ಆಕಾಶದ ನಕಾಶೆಯನ್ನು ಖಾಲಿ ಹಾಳೆಯ ಮೇಲೆ ನೆನಪಿನಿಂದ ಬರೆಯಬೇಕು, ಒಂದು ಗೆರೆಯೂ ತಪ್ಪುವಂತಿಲ್ಲ. ಆಮೇಲೆ ಸಿಮ್ಯುಲೇಟರ್. ಪರದೆಯ ಮೇಲೆ ನಿಜದಂತೆಯೇ ವಿಮಾನಗಳು. ಪಕ್ಕದ ಕೋಣೆಯಲ್ಲಿ ಕುಳಿತವರು ಪೈಲಟ್ಟುಗಳಂತೆ ಉತ್ತರ ಕೊಡುತ್ತಾರೆ. ಬೆನ್ನ ಹಿಂದೆ ಬೋಧಕರು ನಿಂತಿರುತ್ತಾರೆ. ಮುಕ್ಕಾಲು ಗಂಟೆಯ ಆಟ, ಅಷ್ಟೇ ಹೊತ್ತು ತಪ್ಪುಗಳ ಪಟ್ಟಿ. ಎಲ್ಲ ಸರಿಯಾಗಿ ನಡೆಯುತ್ತಿದ್ದಂತೆ ಬೋಧಕರು ಒಂದು ವಿಮಾನದ ಇಂಜಿನ್ ಕೆಡಿಸುತ್ತಾರೆ, ಇಲ್ಲವೇ ಗುಡುಗು ಮಳೆ ತಂದು ಎಲ್ಲರನ್ನೂ ದಾರಿ ತಪ್ಪಿಸುತ್ತಾರೆ. ಸಂಜೆ ಹುಡುಗ ಹುಡುಗಿಯರು ವಸತಿಗೃಹದ ಅಡುಗೆಮನೆಯ ಮೇಜಿನ ಮೇಲೆ ನಾಣ್ಯಗಳನ್ನು ವಿಮಾನಗಳೆಂದು ಸರಿಸುತ್ತ ಅದೇ ಆಟವನ್ನು ಮತ್ತೆ ಆಡುತ್ತಿದ್ದರಂತೆ. ಭಾನುವಾರ ಬಟ್ಟೆ ಒಗೆಯುವುದು, ಮನೆಗೆ ಫೋನು, ಮತ್ತೆ ನಕಾಶೆ. ಪರದೇಶಕ್ಕೆ ಹೋದ ಮಕ್ಕಳೆಂದರೆ ಊರು ತಿರುಗುತ್ತಿರುತ್ತಾರೆ ಎಂದು ನಾವು ತಿಳಿದಿರುತ್ತೇವೆ. ಮೊದಲ ಆರು ತಿಂಗಳು ಅವಳು ಆ ಊರಿನ ಸಮುದ್ರವನ್ನೂ ನೋಡಿರಲಿಲ್ಲ, ಬಸ್ಸಿನಲ್ಲಿ ಹೋದರೆ ಅರ್ಧ ಗಂಟೆಯ ದಾರಿ.

‘ಹಾಂ’ ಎನ್ನಬಾರದು

ಭಾಷೆಯ ಪಾಠವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಅಂಗಡಿಯಲ್ಲಿ ನಾವು ದಿನಕ್ಕೆ ಐನೂರು ಸಲ ‘ಹಾಂ ಹಾಂ’ ಎನ್ನುತ್ತೇವೆ. ಕೇಳಿಸಿತು, ಒಪ್ಪಿದೆ, ಆಮೇಲೆ ನೋಡೋಣ, ಸುಮ್ಮನಿರಿ, ಎಲ್ಲಕ್ಕೂ ಅದೇ. ಅವಳಿಗೂ ಅದೇ ಅಭ್ಯಾಸ. ಮೊದಲ ದಿನವೇ ಬೋಧಕರು ತಡೆದರು. ರೇಡಿಯೋದಲ್ಲಿ ಪ್ರತಿ ಮಾತಿಗೂ ಒಂದೇ ಅರ್ಥ, ಪ್ರತಿ ಅರ್ಥಕ್ಕೂ ಒಂದೇ ಮಾತು. ಹೌದು ಎನ್ನಲು ‘ಅಫರ್ಮ್’, ಅಲ್ಲ ಎನ್ನಲು ‘ನೆಗೆಟಿವ್’, ಕಾಯಿರಿ ಎನ್ನಲು ‘ಸ್ಟ್ಯಾಂಡ್ ಬೈ’. ಮೂರಕ್ಕೆ ‘ಟ್ರೀ’, ಐದಕ್ಕೆ ‘ಫೈಫ್’, ಒಂಬತ್ತಕ್ಕೆ ‘ನೈನರ್’, ಕಿವಿಗೆ ಒಂದರಂತೆ ಇನ್ನೊಂದು ಕೇಳಿಸದಿರಲಿ ಎಂದು. ಹೇಳಿದ ಎತ್ತರವನ್ನು ಪೈಲಟ್ ಮರಳಿ ಹೇಳಬೇಕು, ಅದನ್ನು ಕಂಟ್ರೋಲರ್ ಕಿವಿಗೊಟ್ಟು ಕೇಳಬೇಕು.

ಇಷ್ಟು ಕಟ್ಟುನಿಟ್ಟೇಕೆ ಎಂಬುದಕ್ಕೆ ಅಲ್ಲಿ ಉದಾಹರಣೆಗಳನ್ನು ಪಾಠ ಮಾಡುತ್ತಾರೆ. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದಲ್ಲಿ ಮಂಜು ಕವಿದ ರನ್‌ವೇಯ ಮೇಲೆ ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಮಂದಿ ಸತ್ತರು. ಡಚ್ ಪೈಲಟ್ ತಾನು ಹೊರಟೆನೆಂಬ ಅರ್ಥದಲ್ಲಿ ಆಡಿದ ಮಾತು ಟವರಿನವರಿಗೆ ಹೊರಡಲು ಸಿದ್ಧ ಎಂಬಂತೆ ಕೇಳಿಸಿತು. ಅವರು ‘ಓಕೆ’ ಎಂದರು. ಆಮೇಲೆ ‘ಟೇಕಾಫ್’ ಎಂಬ ಶಬ್ದವನ್ನು ನಿಜವಾಗಿ ಅನುಮತಿ ಕೊಡುವಾಗ ಅಥವಾ ಹಿಂತೆಗೆಯುವಾಗ ಮಾತ್ರ ಬಳಸಬೇಕೆಂಬ ಕಟ್ಟಳೆ ಬಂತು. ನಮ್ಮ ದೇಶದ ಉದಾಹರಣೆಯೂ ಆ ಪಾಠದಲ್ಲಿದೆ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿ ವಿಮಾನಕ್ಕೆ ಕಜಾಕಿಸ್ತಾನದ ವಿಮಾನ ಬಡಿದು 349 ಮಂದಿ ತೀರಿಕೊಂಡರು. ಕಜಾಕ್ ವಿಮಾನ ಹೇಳಿದ ಎತ್ತರಕ್ಕಿಂತ ಕೆಳಗಿಳಿದಿತ್ತು. ಆಗ ದೆಹಲಿಯ ಕಂಟ್ರೋಲರ್ ಮುಂದಿದ್ದ ರಾಡಾರ್ ವಿಮಾನದ ಎತ್ತರ ತೋರಿಸುವಂಥದ್ದಾಗಿರಲಿಲ್ಲ. ಅವರಿಗೆ ಇದ್ದದ್ದು ಮಾತೊಂದೇ. ತರಗತಿಯಲ್ಲಿ ಈ ಪಾಠವಾದ ದಿನ ಉಳಿದವರೆಲ್ಲ ತನ್ನ ಕಡೆ ತಿರುಗಿ ನೋಡಿದರೆಂದು ಫೋನಿನಲ್ಲಿ ಹೇಳಿದಳು. 2008ರಿಂದ ಜಗತ್ತಿನ ಕಂಟ್ರೋಲರುಗಳಿಗೂ ಪೈಲಟ್ಟುಗಳಿಗೂ ಇಂಗ್ಲಿಷಿನ ಮಟ್ಟ ಪರೀಕ್ಷಿಸುವ ನಿಯಮವಿದೆ. ನಮ್ಮ ಮಕ್ಕಳು ಇಂಗ್ಲಿಷ್ ಮಾಧ್ಯಮದವರಾದರೂ ಗಡಿಬಿಡಿಯಲ್ಲಿ ಓಡಿಸಿ ಮಾತಾಡುತ್ತಾರೆ, ಅದನ್ನು ತಿದ್ದಿಕೊಳ್ಳಲು ಅವಳಿಗೆ ಮೂರು ತಿಂಗಳು ಬೇಕಾಯಿತು.

ಸೂರ್ಯ ಮುಳುಗುವ ಲೆಕ್ಕ

ಊಟದ ಬಗ್ಗೆ ಎಲ್ಲ ತಾಯಂದಿರೂ ಕೇಳುತ್ತಾರೆ. ಅವಳು ಹೋದದ್ದು ಆಲೂಗಡ್ಡೆಯ ದೇಶಕ್ಕೆ. ಕ್ಯಾಂಟೀನಿನ ಸಸ್ಯಾಹಾರವೆಂದರೆ ಆಲೂಗಡ್ಡೆ, ಗಜ್ಜರಿ, ಈರುಳ್ಳಿ. ಆದ್ದರಿಂದ ತಾನೇ ಬೇಯಿಸಿಕೊಳ್ಳುತ್ತಿದ್ದಳು. ಇಲ್ಲಿಂದ ಕಡಕ್ ರೊಟ್ಟಿ, ಬೆಳ್ಳುಳ್ಳಿ ಹಾಕದ ಶೇಂಗಾ ಚಟ್ನಿ, ಮೆಂತೆಹಿಟ್ಟು, ಅವಲಕ್ಕಿ. ನಮ್ಮ ಆಯಿ ಎಲ್ಲವನ್ನೂ ತೂಕ ಮಾಡಿ ಕಟ್ಟಿಕೊಡುತ್ತಿದ್ದಳು, ವಿಮಾನದವರ ತೂಕಕ್ಕಿಂತ ಆಯಿಯ ತೂಕ ಖಚಿತ.

ತೊಡಕಾದದ್ದು ರಾತ್ರಿ ಊಟದ ನಿಯಮ. ಅಲ್ಲಿ ಡಿಸೆಂಬರಿನಲ್ಲಿ ಮಧ್ಯಾಹ್ನ ನಾಲ್ಕರ ಹೊತ್ತಿಗೇ ಸೂರ್ಯ ಮುಳುಗುತ್ತಾನೆ, ಜೂನಿನಲ್ಲಿ ರಾತ್ರಿ ಹತ್ತಾದರೂ ಬೆಳಕಿರುತ್ತದೆ. ಚಳಿಗಾಲದಲ್ಲಿ ಮೂರೂವರೆಗೆ ಡಬ್ಬಿ ಬಿಚ್ಚಿ ಮುಗಿಸುತ್ತಿದ್ದಳು. ಜೊತೆಯವರು ಮೊದಲು ನಗುತ್ತಿದ್ದರು, ಆಮೇಲೆ ಅವರೇ ಗಡಿಯಾರ ನೋಡಿ ನೆನಪು ಮಾಡತೊಡಗಿದರು. ಶಾಲೆ ಇರುವತನಕ ಇದು ನಡೆಯಿತು. ಕೆಲಸದ ಕೇಂದ್ರಕ್ಕೆ ಹೋಗಿ ರಾತ್ರಿ ಪಾಳಿ ಬಂದ ಮೇಲೆ ನಡೆಯಲಿಲ್ಲ. ನಾಲ್ಕಕ್ಕೆ ಉಂಡವಳು ನಸುಕಿನ ಮೂರಕ್ಕೆ ಪರದೆಯ ಮುಂದೆ ಕುಳಿತಾಗ ಕೈ ಸಣ್ಣಗೆ ನಡುಗುತ್ತಿತ್ತಂತೆ. ಆಯಿಗೆ ಫೋನು ಮಾಡಿ ಅತ್ತಳು. ಆಯಿ ಜೀವಮಾನದಲ್ಲಿ ಸೂರ್ಯ ಮುಳುಗಿದ ಮೇಲೆ ನೀರು ಬಿಟ್ಟು ಬೇರೇನೂ ಬಾಯಿಗೆ ಹಾಕಿದವಳಲ್ಲ. ಅವಳು ಹೇಳಿದ್ದು ಇಷ್ಟು: “ನಿನ್ನ ಕೈಯಾಗ ಎಷ್ಟ ಜೀವ ಅದಾವ ಲೆಕ್ಕ ಹಾಕು. ಪಾಳಿ ಇದ್ದ ರಾತ್ರಿ ಉಣ್ಣು. ನಿನ್ನ ಬದಲಿಗೆ ನಾ ಇಲ್ಲೆ ಒಂದೊತ್ತು ಬಿಡತೀನಿ.” ಹಾಗೆಯೇ ನಡೆಸಿಕೊಂಡು ಬಂದಿದ್ದಾಳೆ. ಇದನ್ನು ಎಲ್ಲ ಓದುಗರೂ ಒಪ್ಪಲಿಕ್ಕಿಲ್ಲ, ಒಪ್ಪಬೇಕೆಂದು ನಾನೂ ಹೇಳುವುದಿಲ್ಲ. ನಡೆದದ್ದು ಇದು.

ಹಿಂದಿರುಗಿ ಬಂದ ವರ್ಷ

ಹನ್ನೆರಡು ಮಂದಿಯಲ್ಲಿ ಎಂಟು ಮಂದಿ ಶಾಲೆ ಮುಗಿಸಿದರು. ನಮ್ಮ ಹುಡುಗಿಯೂ ಒಬ್ಬಳು. 2024ರ ಫೆಬ್ರವರಿಯಲ್ಲಿ ವಿದ್ಯಾರ್ಥಿ ಲೈಸೆನ್ಸ್ ಬಂತು. ಫೋಟೋ ಕಳಿಸಿದಳು. ನಾನು ಮಡಗಾಂವಿನಿಂದ ಐದು ಕಿಲೋ ಪೇಢೆ ತರಿಸಿ ಪೇಟೆಗೆಲ್ಲ ಹಂಚಿದೆ. ಬೆಳಗಾವಿಗೂ ಡಬ್ಬಿ ಹೋಯಿತು. “ನಮ್ಮ ಹುಡುಗಿ ಕಂಟ್ರೋಲರ್ ಆದಳು” ಎಂದೆ. ತಪ್ಪು ಮಾತು. ವಿದ್ಯಾರ್ಥಿ ಲೈಸೆನ್ಸ್ ಎಂದರೆ ನಿಜವಾದ ವಿಮಾನಗಳ ಮುಂದೆ ಕುಳಿತು ಕಲಿಯಲು ಅನುಮತಿ ಮಾತ್ರ. ಪಕ್ಕದಲ್ಲಿ ತರಬೇತುದಾರರು ಕುಳಿತಿರುತ್ತಾರೆ, ಒಂದು ಗುಂಡಿ ಒತ್ತಿ ಯಾವ ಕ್ಷಣದಲ್ಲಾದರೂ ಮಾತನ್ನು ತಮ್ಮ ಕೈಗೆ ತಗೊಳ್ಳಬಹುದು. ತಿಂಗಳುಗಟ್ಟಲೆ ಹೀಗೆ ನಡೆದು, ಒಬ್ಬಳನ್ನೇ ಬಿಡಬಹುದು ಎಂದು ಪರೀಕ್ಷಕರಿಗೆ ಖಾತ್ರಿಯಾದ ಮೇಲೆ ಆ ಕೇಂದ್ರದ ಹೆಸರು ಬರೆದ ಪೂರ್ತಿ ಲೈಸೆನ್ಸ್. ಅರ್ಧಕ್ಕೆ ನಿಲ್ಲುವವರು ಬಹಳ ಮಂದಿ. ಇದನ್ನು ಅವಳು ಹೋಗುವಾಗಲೇ ಹೇಳಿದ್ದಳು. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ಅವಳನ್ನು ಜುಲೈಯಲ್ಲಿ ನಿಲ್ಲಿಸಿದರು. ವರದಿಯಲ್ಲಿ ಜ್ಞಾನದ ಬಗ್ಗೆ ಒಳ್ಳೆಯ ಮಾತಿತ್ತು, ನೆನಪಿನ ಬಗ್ಗೆ ಇನ್ನೂ ಒಳ್ಳೆಯ ಮಾತಿತ್ತು. ಕೊರತೆ ಬೇರೆ. ದಟ್ಟಣೆ ಹೆಚ್ಚಿದಾಗ ಪಕ್ಕದ ವಿಭಾಗದವರು ಇನ್ನೊಂದು ವಿಮಾನ ಕಳಿಸಲೇ ಎಂದು ಕೇಳುತ್ತಾರೆ. ಆಗ ‘ಈಗ ಬೇಡ, ಹಿಡಿದುಕೊಳ್ಳಿ’ ಎನ್ನಬೇಕು. ಅವಳು ಎನ್ನುತ್ತಿರಲಿಲ್ಲ. ಒಂಬತ್ತು, ಹತ್ತು, ಹನ್ನೊಂದು ಎಂದು ತಗೊಳ್ಳುತ್ತಲೇ ಇದ್ದಳು, ಪೈಲಟ್ಟುಗಳಿಗೂ ಕಾಯಿರಿ ಎನ್ನುತ್ತಿರಲಿಲ್ಲ, ಸಹಾಯ ಕೇಳುತ್ತಿರಲಿಲ್ಲ. ಬಹಳ ಸಲ ನಿಭಾಯಿಸುತ್ತಿದ್ದಳು. ಬಹಳ ಸಲ ಎಂಬುದು ಆ ಕಸುಬಿನಲ್ಲಿ ನಡೆಯುವುದಿಲ್ಲ.

2002ರ ಜುಲೈ 1ರ ರಾತ್ರಿ ಜರ್ಮನಿಯ ಊಬರ್ಲಿಂಗೆನ್ ಮೇಲೆ ಎರಡು ವಿಮಾನಗಳು ಬಡಿದು 71 ಮಂದಿ ಸತ್ತರು, ಹೆಚ್ಚಿನವರು ರಷ್ಯಾದ ಶಾಲಾ ಮಕ್ಕಳು. ಆ ಭಾಗವನ್ನು ಜ್ಯೂರಿಕ್ಕಿನಿಂದ ನೋಡುತ್ತಿದ್ದ ಕಂಟ್ರೋಲರ್ ಒಬ್ಬನೇ ಎರಡು ಪರದೆ ನೋಡಿಕೊಳ್ಳುತ್ತಿದ್ದ, ಜೊತೆಯವ ವಿಶ್ರಾಂತಿಗೆ ಹೋಗಿದ್ದ, ಮುಖ್ಯ ಫೋನು ವ್ಯವಸ್ಥೆ ರಿಪೇರಿಗೆ ಬಂದಾಗಿತ್ತು. ತಪ್ಪು ಒಬ್ಬನದಲ್ಲ, ವ್ಯವಸ್ಥೆಯದೆಂದು ತನಿಖೆ ಹೇಳಿತು. ಆದರೂ 2004ರಲ್ಲಿ, ಹೆಂಡತಿ ಮಕ್ಕಳನ್ನು ಕಳೆದುಕೊಂಡ ಒಬ್ಬ ತಂದೆ ಆ ಕಂಟ್ರೋಲರನ ಮನೆಗೆ ಹೋಗಿ ಅವನನ್ನು ಕೊಂದ. ಅವಳನ್ನು ನಿಲ್ಲಿಸಿದ ದಿನ ತರಬೇತುದಾರರು ಈ ಹೆಸರೊಂದನ್ನೇ ನೆನಪಿಸಿದರಂತೆ. ನಿನ್ನನ್ನು ಅಂಥ ರಾತ್ರಿಯಿಂದ ಕಾಯುತ್ತಿದ್ದೇವೆ ಎಂಬ ಅರ್ಥದಲ್ಲಿ.

ಆಗಸ್ಟಿನಲ್ಲಿ ಸಾಂಗೆಗೆ ಬಂದಳು, ಎರಡು ಕೆಂಪು ಪೆಟ್ಟಿಗೆ ಮತ್ತು ಪರದೇಶದವಳ ಕಾರ್ಡು ಹಿಡಿದುಕೊಂಡು. ಪೇಢೆ ತಿಂದವರೆಲ್ಲ ಕೇಳಿದರು. ರಜೆಗೆ ಬಂದಿದ್ದಾಳೆ ಎಂದು ನಾನು ಹೇಳುತ್ತಿದ್ದೆ, ಅವಳು ಪಕ್ಕದಲ್ಲಿ ನಿಂತು “ಇಲ್ಲ, ನಿಲ್ಲಿಸಿದರು” ಎನ್ನುತ್ತಿದ್ದಳು. ಎರಡನೆಯ ಸಲಕ್ಕೆ ನಾನು ಸುಳ್ಳು ಹೇಳುವುದನ್ನು ಬಿಟ್ಟೆ.

ಸೆಪ್ಟೆಂಬರ್ 7ಕ್ಕೆ ಚವತಿ. ಹಿಂದಿನ ದಿನ ಮಾಟೊಳಿಯ ಗದ್ದಲದಲ್ಲಿ ಕೌಂಟರಿಗೆ ನಿಂತಳು. ನಾನು ಗಲ್ಲಾದಲ್ಲಿದ್ದೆ. ಎಂಟು ಹತ್ತು ಮಂದಿ ಒಟ್ಟಿಗೆ ಕೂಗುತ್ತಿದ್ದರು. ಅವಳು ಕೈ ಎತ್ತಿ ಕೊಂಕಣಿಯಲ್ಲಿ ಹೇಳಿದಳು: “ಸ್ವಲ್ಪ ನಿಲ್ಲಿ. ಮೊದಲು ಇವರದು, ಆಮೇಲೆ ನಿಮ್ಮದು.” ನಮ್ಮ ಅಂಗಡಿಯಲ್ಲಿ ಗಿರಾಕಿಗೆ ನಿಲ್ಲಿ ಎಂದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ. ನಾನು ಅಪ್ಪನ ಫೋಟೋದ ಕಡೆ ನೋಡಿದೆ. ಒಬ್ಬಿಬ್ಬರು ಗೊಣಗಿ ಪಕ್ಕದ ಅಂಗಡಿಗೆ ಹೋದರು. ಉಳಿದವರು ನಿಂತರು. ಆ ದಿನ ಚಿಲ್ಲರೆ ಒಂದು ಸಲವೂ ತಪ್ಪಲಿಲ್ಲ, ಬೇರೆ ವರ್ಷ ತಪ್ಪದೆ ಇರುತ್ತಿರಲಿಲ್ಲ.

ಮರುದಿನದಿಂದ ದಶಲಕ್ಷಣ ಪರ್ವ. ಮುಗಿದ ಮೇಲೆ ಕ್ಷಮಾವಣಿಯ ದಿನ ಮನೆಯಲ್ಲಿ ಎಲ್ಲರೂ ಎಲ್ಲರ ಹತ್ತಿರ ಕ್ಷಮೆ ಕೇಳಿದೆವು. ಅದು ಪ್ರತಿವರ್ಷದ ರೂಢಿ, ಬಾಯಿಗೆ ಬಂದು ಹೋಗುತ್ತದೆ. ಆ ವರ್ಷ ನಾನು ಅವಳ ಮುಂದೆ ನಿಂತು, “ನಿನ್ನ ಕೆಲಸ ಮುಗಿಯೂದಕ್ಕ ಮೊದಲ ಊರಿಗೆಲ್ಲ ಪೇಢೆ ಹಂಚಿದೆ. ತಪ್ಪಾತು” ಎಂದೆ. “ದೊಡ್ಡಪ್ಪ, ನೀವು ಹಂಚಿದ್ದಕ್ಕಲ್ಲ ನಾ ಅತ್ತದ್ದು” ಎಂದಳು. “ಅಜ್ಜನ ಸಹಿಗೆ ಅತ್ತೆ.”

ಟವರಿನಲ್ಲಿ

ರಾಡಾರಿನಲ್ಲಿ ನಿಂತವರನ್ನು ಕೆಲವು ಕಡೆ ಟವರಿನ ತರಬೇತಿಗೆ ಕಳಿಸುವುದುಂಟು. ಎಲ್ಲರಿಗೂ ಸಿಗುವುದಿಲ್ಲ. ಅವಳಿಗೆ ಅಕ್ಟೋಬರಿನಲ್ಲಿ ಪತ್ರ ಬಂತು, ನವೆಂಬರಿನಲ್ಲಿ ಮತ್ತೆ ಹೋದಳು. ಪಾಠ, ಸಿಮ್ಯುಲೇಟರ್, ಮತ್ತೆ ಪರೀಕ್ಷೆ. ಈ ಸಲ ನಿಲ್ದಾಣ ಸಣ್ಣದು, ಸಮುದ್ರದ ಪಕ್ಕ, ಗಾಳಿ ಹೆಚ್ಚು. ಕೆಲವು ಪ್ರಯಾಣಿಕರ ವಿಮಾನಗಳು, ಹಾರಲು ಕಲಿಯುವವರ ಪುಟ್ಟ ವಿಮಾನಗಳು, ಕೆಲವೊಮ್ಮೆ ರೋಗಿಗಳ ಹೆಲಿಕಾಪ್ಟರ್. ಅಲ್ಲಿ ದಿನಕ್ಕೆ ಹತ್ತಾರು ಸಲ ಆಡಬೇಕಾದ ಮಾತು ‘ಹೋಲ್ಡ್ ಪೊಸಿಷನ್’, ಇದ್ದಲ್ಲೇ ನಿಲ್ಲಿ.

ಈ ಹಳೆಯ ಗೋವೆಯ ಕಾಗದ ಇಲ್ಲದ ಮನೆಗಳವರಿಗೆ, ಅಂದರೆ ನಮ್ಮ ಬಹುಪಾಲು ಓದುಗರಿಗೆ, ನೇರವಾದ ದಾರಿ ನಮ್ಮ ದೇಶದ್ದೇ. ಏರ್‌ಪೋರ್ಟ್ಸ್ ಅಥಾರಿಟಿ ಆಗಾಗ ಜೂನಿಯರ್ ಎಕ್ಸಿಕ್ಯುಟಿವ್ ಹುದ್ದೆಗಳಿಗೆ ಅರ್ಜಿ ಕರೆಯುತ್ತದೆ. ಫಿಸಿಕ್ಸ್ ಮತ್ತು ಗಣಿತ ಓದಿದ ಬಿ.ಎಸ್ಸಿ.ಯವರು, ಇಂಜಿನಿಯರಿಂಗ್ ಮಾಡಿದವರು ಹಾಕಬಹುದು. ವಯಸ್ಸು ಸಾಮಾನ್ಯ ವರ್ಗಕ್ಕೆ 27ರ ಒಳಗೆ. ಬರೆಯುವ ಪರೀಕ್ಷೆ ಆದ ಮೇಲೆ ಧ್ವನಿ ಪರೀಕ್ಷೆ, ಮಾನಸಿಕ ಪರೀಕ್ಷೆ, ವೈದ್ಯಕೀಯ ತಪಾಸಣೆ. ತರಬೇತಿ ಪ್ರಯಾಗರಾಜದ ಬಮ್ರೌಲಿಯಲ್ಲಿ 1948ರಿಂದ ಇರುವ ಕಾಲೇಜಿನಲ್ಲಿ, ಹೈದರಾಬಾದಿನಲ್ಲಿ ಮತ್ತು ಗೊಂದಿಯಾದಲ್ಲಿ ನಡೆಯುತ್ತದೆ. ಬೆಳಗಾವಿ, ಹುಬ್ಬಳ್ಳಿ, ಮಂಗಳೂರಿನ ನಿಲ್ದಾಣಗಳಲ್ಲೂ ಈ ಕೆಲಸವಿದೆ. ಮಕ್ಕಳನ್ನು ಕಳಿಸುವ ಮೊದಲು ಒಂದನ್ನು ಮನೆಯಲ್ಲೇ ಮಾತಾಡಿಕೊಳ್ಳಿ: ಅರ್ಧಕ್ಕೆ ನಿಂತು ಬಂದರೆ ಪೇಟೆಯವರಿಗೆ ಏನು ಹೇಳುವುದು ಎಂದು. ನಾವು ಮಾತಾಡಿಕೊಂಡಿರಲಿಲ್ಲ.

2025ರ ಅಕ್ಟೋಬರಿನಲ್ಲಿ ಒಂದು ಮಂಗಳವಾರ, ಅಂಗಡಿ ಮುಚ್ಚುವ ಹೊತ್ತಿಗೆ ಫೋನು ಬಂತು. ಪರೀಕ್ಷಕರು ಸಹಿ ಹಾಕಿ ಕೆಳಗಿಳಿದು ಹೋಗಿದ್ದಾರೆ, ಟವರಿನಲ್ಲಿ ಮೊದಲ ಸಲ ಒಬ್ಬಳೇ ಒಂದು ಪಾಳಿ ಮುಗಿಸಿದ್ದಾಳೆ. ಏನೇನು ಬಂತು ಎಂದು ಕೇಳಿದೆ. ಎರಡು ದೊಡ್ಡವು, ಏಳು ಸಣ್ಣವು, ರನ್‌ವೇ ಮೇಲೆ ಒಂದು ಮೊಲ. ಮೊಲ ದಾಟುವತನಕ ಒಂದು ವಿಮಾನವನ್ನು ನಿಲ್ಲಿಸಿದಳಂತೆ. “ಎಷ್ಟ ಹೊತ್ತು?” ಎಂದು ಹಿಂದಿನಿಂದ ಆಯಿ ಕೂಗಿ ಕೇಳಿದಳು. “ಎರಡು ನಿಮಿಷ, ಆಯಿ.” ಪೂರ್ತಿ ಲೈಸೆನ್ಸಿನ ಮೇಲೆ ನಿಲ್ದಾಣದ ಹೆಸರು ಅಚ್ಚಾಗಿ ಬರಲು ಇನ್ನೂ ಮೂರು ವಾರವಿತ್ತು. ಅಲ್ಲಿಯತನಕ ಪೇಟೆಯಲ್ಲಿ ನಾನು ಯಾರಿಗೂ ಹೇಳಲಿಲ್ಲ.